ಅತ್ತೆಯ ಬಾಯಿ, ಇನ್ನೂರ ಹನ್ನೊಂದು ಸಲ

ಸರ್ಕಾರಿ ಆಸ್ಪತ್ರೆಯ ಕೌಂಟರಿನಲ್ಲಿ ನಮ್ಮತ್ತೆಗೆ "ನಿಮಗೆ ಆಗಲೇ ಹಲ್ಲಿದೆ" ಎಂದು ಹೇಳಿ ವಾಪಸು ಕಳಿಸಿದರು. ಮೇಲೆ ಹದಿನಾಲ್ಕು, ಕೆಳಗೆ ಹದಿನಾಲ್ಕು. ಹೋದ ವರ್ಷ ಮಾರ್ಚ್ ತಿಂಗಳಲ್ಲಿ ಕೂರಿಸಲಾಗಿದೆ. ಫಲಾನುಭವಿಯು ತೃಪ್ತಿ ವ್ಯಕ್ತಪಡಿಸಿದ್ದಾರೆ. ಇನ್ನು ಐದು ವರ್ಷ ಅವರು ಹಿರಿಯರ ಹಲ್ಲಿನ ಯೋಜನೆಯಲ್ಲಿ ಮತ್ತೆ ಹಲ್ಲು ಕೇಳುವಂತಿಲ್ಲ.

ನಮ್ಮತ್ತೆಯ ಬಾಯಲ್ಲಿ ಒಂದು ಹಲ್ಲೂ ಇಲ್ಲ. ಎಂಟು ವರ್ಷದಿಂದ ಇಲ್ಲ.

"ಬಾಯಿ ತೆಗೆದು ತೋರಿಸಿದೆ ಕಣೇ," ಎಂದು ಅವರು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು. ಹೇಳುತ್ತಿದ್ದದ್ದು ನನ್ನ ಹೆಂಡತಿಗೆ, ನೋಡುತ್ತಿದ್ದದ್ದು ನನ್ನನ್ನು. "ನೋಡಪ್ಪಾ, ಎಲ್ಲಿದೆ ತೋರಿಸು ಅಂದೆ. ಆ ಮಹಾನುಭಾವ ತಲೆ ಎತ್ತಲಿಲ್ಲ. 'ಅಮ್ಮಾ, ಬಾಯಿ ನೋಡೋದು ನನ್ನ ಕೆಲಸ ಅಲ್ಲ, ನಾನು ಸ್ಕ್ರೀನ್ ನೋಡೋನು' ಅಂತಾನೆ. ಸ್ಕ್ರೀನಲ್ಲಿ ನಂಗೆ ಇಪ್ಪತ್ತೆಂಟು ಹಲ್ಲಂತೆ. ನನ್ನ ಮದುವೇಲೂ ಇಷ್ಟಿರಲಿಲ್ಲ."

"ಏನೋ ತಪ್ಪಾಗಿರಬೇಕು ಬಿಡಮ್ಮಾ," ಅಂದಳು ಹೆಂಡತಿ.

"ನಂಗೊಬ್ಬಳಿಗೆ ಆಗಿದ್ರೆ ತಪ್ಪು ಅನ್ನಬಹುದಿತ್ತು. ನನ್ನ ಹಿಂದೆ ಒಬ್ಬರು ಬಸ್ ಡ್ರೈವರು ನಿಂತಿದ್ರು, ರಿಟೈರಾದವರು. ಅವರಿಗೂ ಇಪ್ಪತ್ತೆಂಟಂತೆ. ಅವರಿಗೂ ತೃಪ್ತಿಯಂತೆ. ಪಾಪ, ಕೆಮ್ಮಿದರೆ ತುಟಿ ಒಳಗೆ ಹೋಗುತ್ತೆ."

ಮಾರ್ಚ್ ಎಂಬ ಮಾತು ಕೇಳಿದ್ದೇ ತಡ, ನಾನು ಎದ್ದು ಹೋಗಿ, ತೊಳೆದಿದ್ದ ಲೋಟವನ್ನೇ ಮತ್ತೊಮ್ಮೆ ತೊಳೆದೆ.

ನಾನು ಹಲ್ಲು ಮಾಡುವವನು. ಡಾಕ್ಟರಲ್ಲ. ಡಾಕ್ಟರು ಮುಂದಿನ ಕೋಣೆಯಲ್ಲಿರುತ್ತಾರೆ, ಅಲ್ಲಿ ಏಸಿ ಇದೆ. ನಾನು ಹಿಂದಿನ ಕೋಣೆಯಲ್ಲಿರುತ್ತೇನೆ, ಅಲ್ಲಿ ಸಿಂಕ್ ಇದೆ. ಡಾಕ್ಟರು ರೋಗಿಯ ಬಾಯಿಯ ಅಳತೆ ತೆಗೆದು ಒಂದು ಗುಲಾಬಿ ಮುದ್ದೆಯನ್ನು ತಟ್ಟೆಯಲ್ಲಿ ಕಳಿಸುತ್ತಾರೆ. ನಾನು ಅದರೊಳಗೆ ಪ್ಲಾಸ್ಟರ್ ಸುರಿಯುತ್ತೇನೆ. ಗಟ್ಟಿಯಾದ ಮೇಲೆ ಬಿಡಿಸಿದರೆ ಆ ಮನುಷ್ಯನ ವಸಡು, ಅಂಗುಳ ಎಲ್ಲವೂ ಬಿಳಿ ಕಲ್ಲಿನ ಹಾಗೆ ಮೇಜಿನ ಮೇಲೆ ಕೂರುತ್ತವೆ. ಇದಕ್ಕೆ ಪುಸ್ತಕದಲ್ಲಿ ಬೇರೆ ಹೆಸರಿದೆ. ನಾವು ಪ್ಲಾಸ್ಟರ್ ಬಾಯಿ ಅನ್ನುತ್ತೇವೆ. ಅದರ ಮೇಲೆ ಮೇಣ ಹಚ್ಚಿ, ಮೇಣದಲ್ಲಿ ಹಲ್ಲು ಜೋಡಿಸಿ, ಆಮೇಲೆ ಮೇಣದ ಜಾಗಕ್ಕೆ ಪ್ಲಾಸ್ಟಿಕ್ ತುಂಬಿ ಬೇಯಿಸಿದರೆ ಒಂದು ಸೆಟ್ಟು. ಡಾಕ್ಟರು ನನ್ನನ್ನು ಮೇಸ್ತ್ರಿ ಎಂದು ಕರೆಯುತ್ತಾರೆ. ಮೊದಮೊದಲು ಬೇಜಾರಾಗುತ್ತಿತ್ತು.

ಅಳಿಯ ಹಲ್ಲು ಮಾಡುವವನಾಗಿದ್ದೂ ಅತ್ತೆ ಬೋಳು ಬಾಯಲ್ಲಿ ಯಾಕಿದ್ದರು ಎಂದು ಎಲ್ಲರೂ ಕೇಳುತ್ತಾರೆ. ನಾನೂ ಮದುವೆಯ ವರ್ಷ ಕೇಳಿದ್ದೆ. "ಅಳಿಯ ಕೊಟ್ಟ ಹಲ್ಲು ಹಾಕ್ಕೊಂಡು ಅಳಿಯನ್ನೇ ಬೈಯೋಕಾಗುತ್ತಾ? ನಂಗೆ ಬೈಯೋದು ಮುಖ್ಯ," ಎಂದಿದ್ದರು. ಆದರೆ ಅಳತೆ ತೆಗೆಯಲು ಬಿಟ್ಟಿದ್ದರು. ಆಗ ನಾನು ಹೊಸಬ, ನನಗೆ ಹಲ್ಲಿಲ್ಲದ ಒಂದು ಬಾಯಿ ಬೇಕಾಗಿತ್ತು. ಅವರು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ತಲೆಯನ್ನು ಗೋಡೆಗೆ ಒರಗಿಸಿ, ಮೂರು ನಿಮಿಷ ಮಾತಾಡದೆ ಇದ್ದರು. ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಮತ್ತೆ ನೋಡಿಲ್ಲ.

ನನ್ನ ಜೀವಮಾನದಲ್ಲಿ ತೆಗೆದ ಅತ್ಯುತ್ತಮ ಅಳತೆ ಅದು. ಒಂದು ಗಾಳಿಗುಳ್ಳೆಯಿಲ್ಲ. ಅಂಗುಳದ ನಟ್ಟನಡುವೆ ಅವರಿಗೆ ಬಟಾಣಿಯಷ್ಟು ದೊಡ್ಡ ಒಂದು ಗಂಟಿದೆ, ಹುಟ್ಟಿನಿಂದ ಬಂದದ್ದು. ಅದು ಕೂಡ ಗುಂಡಗೆ, ಹೊಳೆಹೊಳೆಯುತ್ತ ಮೂಡಿತ್ತು. ಕೆಲಸ ಕಲಿಸಿದ ಗುರುಗಳು ಹೇಳಿದ್ದರು, ಹೆಸರಿಲ್ಲದ ಬಾಯಿಯನ್ನು ಮೇಜಿನ ಮೇಲೆ ಇಡಬೇಡ ಎಂದು. ಹಾಗಾಗಿ ಪ್ಲಾಸ್ಟರಿನ ಬುಡದಲ್ಲಿ ಅತ್ತೆಯ ಹೆಸರು, ಅವರ ಕಾರ್ಡಿನ ನಂಬರು ಎರಡನ್ನೂ ಚೊಕ್ಕವಾಗಿ ಬರೆದೆ. ಅದರಿಂದ ಒಂದು ರಬ್ಬರ್ ಅಚ್ಚನ್ನೂ ಮಾಡಿಟ್ಟುಕೊಂಡೆ. ಪ್ಲಾಸ್ಟರ್ ಹಾಕಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಿಟ್ಟುಕೊಳ್ಳುತ್ತಿತ್ತು.

ಹಿರಿಯರ ಹಲ್ಲಿನ ಯೋಜನೆ ಬಂದದ್ದು ಅದಾದ ಆರು ವರ್ಷಕ್ಕೆ. ಅರವತ್ತು ದಾಟಿದವರಿಗೆ ಸರ್ಕಾರವೇ ಹಲ್ಲು ಕಟ್ಟಿಸುತ್ತದೆ. ಕಟ್ಟಿದ ಡಾಕ್ಟರು ಕ್ಲೇಮು ಹಾಕಬೇಕು. ಪ್ರತಿ ಕ್ಲೇಮಿಗೂ ಒಂದು ಪ್ಲಾಸ್ಟರ್ ಬಾಯಿಯನ್ನು ಮೂರು ವರ್ಷ ಜೋಪಾನವಾಗಿ ಇಟ್ಟಿರಬೇಕು, ತಪಾಸಣೆಗೆ ಬಂದವರು ಎಣಿಸುತ್ತಾರೆ. ಒಂದು ದಿನ ಡಾಕ್ಟರು ಹಿಂದಿನ ಕೋಣೆಗೆ ಬಂದು, "ಮೇಸ್ತ್ರಿ, ನಾಲ್ಕು ಬಾಯಿ ಒಡೆದು ಹೋಗಿವೆ. ಲೆಕ್ಕಕ್ಕೆ ನಾಲ್ಕು ಹಾಕಿಡು," ಎಂದರು. ಯಾರ ಬಾಯಿ ಎಂದು ನಾನು ಕೇಳಲಿಲ್ಲ. ಕೈಗೆ ಸಿಕ್ಕಿದ್ದು ಅತ್ತೆಯ ರಬ್ಬರ್ ಅಚ್ಚು. ಹಾಕಿಟ್ಟೆ.

ಮುಂದಿನ ತಿಂಗಳು ಹದಿನೆಂಟು ಒಡೆದವು. ಅದರ ಮುಂದಿನ ತಿಂಗಳು ಮೂವತ್ತು. ನಾನು ಕಪಾಟಿನ ಸುತ್ತ ಹುಡುಕಿದರೂ ಒಂದು ಚೂರು ಕಾಣಲಿಲ್ಲ. ಒಂದೂವರೆ ವರ್ಷದಲ್ಲಿ ಇನ್ನೂರ ಹನ್ನೊಂದು. ಹೆಸರಿನ ಚೀಟಿಗಳನ್ನು ಡಾಕ್ಟರೇ ಬರೆದು ಕೊಡುತ್ತಿದ್ದರು, ನಾನು ಅಂಟಿಸುತ್ತಿದ್ದೆ. ಯಾವುದೋ ಕಲ್ಪನೆಯ ಹೆಸರುಗಳು ಎಂದುಕೊಂಡಿದ್ದೆ. ಇಷ್ಟೊಂದು ಹೆಸರು ಹುಟ್ಟಿಸಬೇಕಾದರೆ ತಲೆ ಬೇಕು ಎಂದು ಮೆಚ್ಚಿಕೊಂಡದ್ದೂ ಉಂಟು.

ಅತ್ತೆ ಕೌಂಟರಿನಿಂದ ವಾಪಸು ಬಂದದ್ದು ಸೋಮವಾರ. ಅದಕ್ಕೆ ಎರಡು ವಾರ ಮೊದಲು ನಮ್ಮ ಕ್ಲಿನಿಕ್ಕಿಗೆ ಒಂದು ಸುತ್ತೋಲೆ ಬಂದಿತ್ತು. ಸಾರ್ವಜನಿಕ ಹಣದ ಸುಳ್ಳು ಕ್ಲೇಮು ತಡೆ ನಿಯಮಾವಳಿ, ನಲವತ್ತನಾಲ್ಕು ಪುಟ. ಸರ್ಕಾರದ ಹಣ ಪಡೆಯುವ ಪ್ರತಿ ಕಡೆಯೂ ನೌಕರರಿಗೆ ಈ ನಿಯಮಗಳ ತರಬೇತಿ ಕೊಡಬೇಕು. ತರಬೇತಿ ಕೊಡಬೇಕಾದವರು ಸಂಸ್ಥೆಯ ಮುಖ್ಯಸ್ಥರು.

ಹಾಗಾಗಿ ಡಾಕ್ಟರೇ ನಮಗೆ ವಂಚನೆ ಎಂದರೇನು ಎಂದು ಹೇಳಿಕೊಟ್ಟರು. ಕಾಯುವ ಕೋಣೆಯ ಬೆಂಚಿನ ಮೇಲೆ ನಾವು ಮೂವರು: ನಾನು, ಮುಂದಿನ ಮೇಜಿನ ಮೇಡಂ, ನೆಲ ಒರೆಸುವ ಅಕ್ಕ. ಡಾಕ್ಟರು ಕನ್ನಡಕ ಏರಿಸಿ ಓದಿದರು. ದನಿ ಚೆನ್ನಾಗಿತ್ತು.

"ಸುಳ್ಳು ಕ್ಲೇಮು ಹಾಕಿದವರು, ಹಾಕಲು ನೆರವಾದವರು, ಅದಕ್ಕಾಗಿ ಸುಳ್ಳು ದಾಖಲೆ ಅಥವಾ ವಸ್ತು ತಯಾರಿಸಿದವರು, ತಿಳಿದೂ ಸುಮ್ಮನಿದ್ದವರು ಎಲ್ಲರೂ ಹೊಣೆ. ತಿಳಿದೂ ಅಂದ್ರೆ, ಬೇಕೆಂದೇ ಕಣ್ಣು ಮುಚ್ಚಿಕೊಂಡಿದ್ದರೂ ತಿಳಿದಂತೆಯೇ. ಅರ್ಥ ಆಯ್ತಾ?"

ಅಕ್ಕ ಕೈ ಎತ್ತಿದಳು. "ಸಾರ್, ನಿಜವಾಗ್ಲೂ ಏನೂ ಗೊತ್ತಿಲ್ದೇ ಇದ್ರೆ?"

"ಗೊತ್ತಿಲ್ದೇ ಇದ್ರೆ ಶಿಕ್ಷೆ ಇಲ್ಲ."

"ಹಂಗಾದ್ರೆ ಯಾಕೆ ಸಾರ್ ಹೇಳಿಕೊಡ್ತಾ ಇದೀರಾ? ಚೆನ್ನಾಗಿದ್ವಲ್ಲ."

ಡಾಕ್ಟರು ನಕ್ಕು ಪುಟ ತಿರುಗಿಸಿದರು. ತಾನಾಗಿ ಮುಂದೆ ಬಂದು ಹೇಳಿದವರಿಗೆ ರಿಯಾಯಿತಿ ಇದೆ, ಇಲಾಖೆ ಹಿಡಿದ ಮೇಲೆ ಇಲ್ಲ. ದೂರು ಕೊಟ್ಟ ನೌಕರನನ್ನು ಕೆಲಸದಿಂದ ತೆಗೆಯುವಂತಿಲ್ಲ. ಪ್ರತಿ ಸಂಸ್ಥೆಯೂ ಒಬ್ಬ ನಿಯಮ ಪಾಲನಾ ಅಧಿಕಾರಿಯನ್ನು ನೇಮಿಸಬೇಕು. ದೂರುಗಳೆಲ್ಲ ಅವನ ಬಳಿ ಬರಬೇಕು. ಬಂದದ್ದನ್ನು ನಂಬರು ಹಾಕಿದ ಪುಸ್ತಕದಲ್ಲಿ ಬರೆದು ಮೂರು ದಿನದೊಳಗೆ ಇಲಾಖೆಗೆ ಮುಟ್ಟಿಸಬೇಕು. ತಿಂಗಳ ಕೊನೆಗೆ ಅವನು ಸಹಿ ಹಾಕಿ ಕೊಡಬೇಕು: ನನಗೆ ತಿಳಿದಂತೆ ಇಲ್ಲಿನ ಎಲ್ಲ ಕ್ಲೇಮುಗಳೂ ನಿಜ.

"ಮೇಡಂಗೆ ಪುರುಸೊತ್ತಿಲ್ಲ, ಅಕ್ಕಂಗೆ ಓದು ಬರಲ್ಲ," ಎಂದು ಡಾಕ್ಟರು ನನ್ನ ಕಡೆ ತಿರುಗಿದರು. "ಮೇಸ್ತ್ರಿ, ಇವತ್ತಿಂದ ನೀನು ಅಧಿಕಾರಿ."

ಕೊರಳಿಗೆ ಹಾಕಲು ಒಂದು ಬಿಲ್ಲೆ ಕೊಟ್ಟರು. ಗೋಡೆಗೆ ಹಚ್ಚುವ ಪೋಸ್ಟರೂ ಬಂದಿತ್ತು: 'ವಂಚನೆ ಕಂಡರೆ ಕರೆ ಮಾಡಿ', ಕೆಳಗೆ ನಂಬರಿಗೆ ಖಾಲಿ ಜಾಗ. ಡಾಕ್ಟರು ಅಲ್ಲಿ ನನ್ನ ಮೊಬೈಲ್ ನಂಬರು ಬರೆದರು. ಎಲ್ಲರಿಗೂ ಕಾಣುವ ಕಡೆ ಹಚ್ಚಬೇಕೆಂದು ನಿಯಮ, ಎಲ್ಲರೂ ಹೋಗಲೇಬೇಕಾದ ಕಡೆ ಹಚ್ಚಿದೆವು: ಟಾಯ್ಲೆಟ್ಟಿನ ಬಾಗಿಲ ಒಳಬದಿಗೆ. ನನಗೆ ಮನೆಯಲ್ಲಿ ತೋರಿಸಿಕೊಳ್ಳಬೇಕೆನ್ನಿಸಿ, ಇನ್ನೊಂದು ಪ್ರತಿಯನ್ನು ತಂದು ಫ್ರಿಜ್ಜಿನ ಮೇಲೆ ಅಂಟಿಸಿದೆ.

ಮಂಗಳವಾರ ಬೆಳಿಗ್ಗೆ ಅತ್ತೆಯ ವಿಷಯವನ್ನು ಡಾಕ್ಟರ ಮುಂದಿಟ್ಟೆ. ಅವರು ಪೂರ್ತಿ ಕೇಳಿಸಿಕೊಂಡು, ಅಯ್ಯೋ ಎಂದು ಹಣೆ ತಟ್ಟಿಕೊಂಡರು. "ಕಪಾಟಲ್ಲಿ ಹೆಸರು, ನಂಬರು ಎಲ್ಲಾ ಬರೆದ ಬಾಯಿ ಒಂದು ಕೂತಿತ್ತು. ನಮ್ಮದೇ ರೋಗಿ ಅಂದ್ಕೊಂಡು ಹಾಕ್ಬಿಟ್ಟೆ. ಅದು ನಿಮ್ಮತ್ತೇನಾ? ಮೊದಲೇ ಹೇಳಬಾರದಾ?"

"ಈಗೇನು ಮಾಡೋದು ಸಾರ್?"

"ಅಷ್ಟೇನಾ? ಹಲ್ಲು ಮಾಡಿ ಕೊಟ್ಬಿಡು! ಹಲ್ಲು ಬಂದ್ರೆ ಕ್ಲೇಮು ನಿಜ ಆಯ್ತಲ್ಲ. ಒಳ್ಳೇ ಹಲ್ಲೇ ಹಾಕು, ಆ ಮೇಲಿನ ಡಬ್ಬೀದು. ರಸೀದಿಗೆ ಮಾತ್ರ ಹೋದ ಮಾರ್ಚಿನ ತಾರೀಖಿಗೆ ಸಹಿ ಹಾಕಿಸ್ಕೊಂಡು ಬಾ."

ಇಷ್ಟು ಸುಲಭವೇ ಎಂದು ನನಗೆ ಹಗುರಾಯಿತು. ಆ ಸಂಜೆ ಅತ್ತೆಗೆ ಹೇಳಿದೆ: ಆಸ್ಪತ್ರೆಯಲ್ಲಿ ತಪ್ಪಾಗಿದೆ, ನಿಮ್ಮ ಹಲ್ಲು ನಮ್ಮಲ್ಲೇ ಮಂಜೂರಾಗಿದೆ.

"ಯಾರ ಹಲ್ಲು? ನಿಮ್ಮದಾ?"

"ನಂದಲ್ಲ ಅತ್ತೆ. ಸರ್ಕಾರದ್ದು. ನಾನು ಬರೀ ಮಾಡೋನು."

"ಋಣ ಇಲ್ಲ ತಾನೇ?"

"ಇಲ್ಲ."

"ಬೈಬಹುದು ತಾನೇ?"

"ಬೈಬಹುದು."

"ಹಾಗಾದ್ರೆ ಮಾಡಿ."

ಹೊಸದಾಗಿ ಅಳತೆ ತೆಗೆದೆ. ನಾಲ್ಕು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಅವರ ಹಳೆಯ ಫೋಟೋ ಮುಂದಿಟ್ಟುಕೊಂಡು, ಮುಂದಿನ ಎರಡು ಹಲ್ಲುಗಳನ್ನು ಒಂದು ಕೂದಲಷ್ಟು ವಾರೆ ಮಾಡಿದೆ, ಅವರಿಗೆ ಹಾಗೇ ಇತ್ತು. ಅಂಗುಳದ ಗಂಟು ಒತ್ತದ ಹಾಗೆ ಒಳಗಡೆ ಕೆರೆದು ತಗ್ಗು ಮಾಡಿದೆ. ಶನಿವಾರ ಮಧ್ಯಾಹ್ನ ಕೂರಿಸಿದಾಗ ಟಕ್ ಎಂದು ಕೂತಿತು. ಅತ್ತೆ ಕನ್ನಡಿ ಕೇಳಲಿಲ್ಲ. ಸೇಬು ಕೇಳಿದರು. ಕತ್ತರಿಸಿ ಕೊಡಲು ಹೋದ ಮಗಳ ಕೈಯಿಂದ ಕಿತ್ತುಕೊಂಡು, ಇಡೀ ಹಣ್ಣಿಗೆ ಬಾಯಿ ಹಾಕಿದರು. ಆ ಸದ್ದಿಗೆ ನಾನು ಸ್ವಲ್ಪ ಬೆಚ್ಚಿದೆ.

"ಹೂಂ," ಅಂದರು. ಅದು ನನಗೆ ಅವರಿಂದ ಸಿಕ್ಕ ಮೊದಲ ಸರ್ಟಿಫಿಕೇಟು.

ಆಮೇಲೆ ಅವರ ಮಾತು ಬದಲಾಯಿತು. ಎಂಟು ವರ್ಷ ತೊದಲುತ್ತಿದ್ದ ಅಕ್ಷರಗಳೆಲ್ಲ ಹರಿತವಾಗಿ ಬರತೊಡಗಿದವು. ಆ ಸಂಜೆ ನನ್ನನ್ನು ಬೈದದ್ದು ಪಕ್ಕದ ಮನೆಯವರಿಗೂ ಸ್ಪಷ್ಟವಾಗಿ ಕೇಳಿಸಿತು. ಬೈದದ್ದು ಯಾಕೆಂದರೆ, ಅದೇ ಹೊತ್ತಿನಲ್ಲಿ ನಾನು ರಸೀದಿ ಮುಂದಿಟ್ಟಿದ್ದೆ.

"ಇಲ್ಲಿ ಮಾರ್ಚ್ ಅಂತಿದೆ," ಅಂದರು ಅತ್ತೆ. "ಹೋದ ವರ್ಷದ್ದು."

"ಅದು ಸುಮ್ನೆ. ಫಾರ್ಮಾಲಿಟಿ."

"ಹೋದ ಮಾರ್ಚಲ್ಲಿ ನಾನು ಏನು ತಿಂದೆ ಅಂತ ನಂಗೊತ್ತಿಲ್ವಾ? ಹಾಲಲ್ಲಿ ನೆನೆಸಿದ ಬ್ರೆಡ್ಡು. ಏಪ್ರಿಲ್ಲಲ್ಲೂ ಅದೇ. ಏನಿದು ಅಳಿಯಂದ್ರೇ, ಸರಿಯಾಗಿ ಹೇಳಿ."

ಹೇಳಿದೆ. ಮೊದಲು ಅರ್ಧ ಹೇಳಿದೆ. ಅವರು ಸೇಬಿನ ಬೀಜವನ್ನು ತಟ್ಟೆಗೆ ಉಗಿದು ಕಾದರು. ಆಮೇಲೆ ಪೂರ್ತಿ ಹೇಳಿದೆ. ರಬ್ಬರ್ ಅಚ್ಚು, ಇನ್ನೂರ ಹನ್ನೊಂದು, ಚೀಟಿಗಳು. ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿದಳು.

"ಆದ್ರೆ ಅತ್ತೆ, ಯಾರಿಗೂ ನಷ್ಟ ಇಲ್ಲ. ಎಲ್ಲಾ ಕಲ್ಪನೆಯ ಹೆಸರುಗಳು."

"ಆ ಡ್ರೈವರು ಕಲ್ಪನೆ ಅಲ್ಲ, ಅಳಿಯಂದ್ರೇ. ನನ್ನ ಬೆನ್ನ ಹಿಂದೆ ನಿಂತು ಕೆಮ್ತಾ ಇದ್ರು."

ನಾನು ಚಪ್ಪಲಿ ಮೆಟ್ಟಿಕೊಂಡು ಕ್ಲಿನಿಕ್ಕಿಗೆ ಹೋದೆ. ಶನಿವಾರ ಅರ್ಧ ದಿನ, ಯಾರೂ ಇರಲಿಲ್ಲ. ಹಿಂದಿನ ಬಾಗಿಲ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ಎರಡು ವರ್ಷದ ಹಿಂದೆ ಬಸ್ ನಿಲ್ದಾಣದ ಬಳಿ ನಾವೊಂದು ಉಚಿತ ಹಲ್ಲು ತಪಾಸಣಾ ಶಿಬಿರ ಮಾಡಿದ್ದೆವು. ಬಂದವರ ಕಾರ್ಡು ನೋಡಿ ಹೆಸರು ಬರೆದುಕೊಂಡಿದ್ದೆವು. ಡಾಕ್ಟರ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದವನು ನಾನೇ. ಆ ದಿನದ ರಿಜಿಸ್ಟರು ಕಪಾಟಿನ ಅಡಿಯಲ್ಲಿ ಸಿಕ್ಕಿತು. ಒಂದೊಂದೇ ಪ್ಲಾಸ್ಟರ್ ಬಾಯಿ ತೆಗೆದು ಬುಡದ ಚೀಟಿಯನ್ನು ರಿಜಿಸ್ಟರಿನ ಜೊತೆ ತಾಳೆ ನೋಡಿದೆ. ಹದಿನೇಳನೆಯದರ ಹೊತ್ತಿಗೆ ಸಾಕೆನ್ನಿಸಿತು. ಹದಿನೇಳಕ್ಕೆ ಹದಿನೇಳೂ ನಿಜವಾದ ಮನುಷ್ಯರು. ಮೂರನೆಯವರು ನಿವೃತ್ತ ಬಸ್ ಚಾಲಕ.

ಇಷ್ಟು ಜನಕ್ಕೂ ಸ್ಕ್ರೀನಿನಲ್ಲಿ ಹಲ್ಲಿದೆ. ಇಷ್ಟು ಜನರೂ ಇನ್ನು ಐದು ವರ್ಷ ಹಲ್ಲು ಕೇಳುವ ಹಾಗಿಲ್ಲ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಪಡಸಾಲೆಯಲ್ಲಿ ಕೂತಿದ್ದಾಗ ಮೊಬೈಲು ಬಡಿದುಕೊಂಡಿತು. ನೋಡಿದರೆ ಅತ್ತೆಯ ನಂಬರು. ಅತ್ತೆ ಅಡುಗೆಮನೆಯಲ್ಲಿದ್ದರು, ನನಗೆ ಅವರ ಬೆನ್ನು ಕಾಣುತ್ತಿತ್ತು. ಫ್ರಿಜ್ಜಿನ ಮುಂದೆ ನಿಂತು, ಕನ್ನಡಕ ಹಣೆಗೇರಿಸಿ, ಪೋಸ್ಟರು ನೋಡುತ್ತ ಫೋನು ಕಿವಿಗೆ ಹಿಡಿದಿದ್ದರು.

"ಅತ್ತೆ, ಇಲ್ಲೇ ಇದೀನಿ," ಅಂದೆ.

"ಫೋನೆತ್ತಿ," ಅಂದರು, ತಿರುಗದೆ.

ಎತ್ತಿದೆ.

"ಹಲೋ. ನಿಯಮ ಪಾಲನಾ ಅಧಿಕಾರಿಗಳಾ?"

"...ಹೌದು."

"ಒಂದು ದೂರಿದೆ. ಬರ್ಕೊಳ್ಳಿ."

"ಅತ್ತೆ, ತಮಾಷೆ ಬೇಡ."

"ಅತ್ತೆ ಯಾರು? ನಾನು ಅಧಿಕಾರಿ ಜೊತೆ ಮಾತಾಡ್ತಾ ಇದೀನಿ. ಪುಸ್ತಕ ಇದೆಯಾ ನಿಮ್ಮ ಹತ್ರ?"

ಪುಸ್ತಕ ನನ್ನ ಚೀಲದಲ್ಲಿತ್ತು. ಪ್ರತಿ ಪುಟಕ್ಕೂ ಅಚ್ಚಾದ ನಂಬರು, ಹರಿದರೆ ಗೊತ್ತಾಗುತ್ತದೆ. ಮೊದಲ ಪುಟ ತೆರೆದೆ. ಕೈ ತಾನಾಗಿ ಪೆನ್ನು ತೆಗೆಯಿತು.

"ದೂರುದಾರರ ಹೆಸರು ಹೇಳಲೇಬೇಕಂತ ಇಲ್ಲ," ಅಂದೆ. ಫಾರಂನಲ್ಲಿ ಹಾಗೇ ಇತ್ತು. "ಗುಟ್ಟಾಗಿ ಇಡ್ತೀವಿ."

"ಯಾಕೆ ಗುಟ್ಟು? ಬರೀರಿ, ನಿಮ್ಮ ಅತ್ತೆ ಅಂತ."

ಬರೆದೆ. ಒಂದು ಬಾಯಿಯಿಂದ ಇನ್ನೂರ ಹನ್ನೊಂದು ಬಾಯಿ ಮಾಡಿದ್ದಾರೆ ಎಂದು ಅವರು ಹೇಳಿದರು, ಬರೆದೆ. ಬಾಯಿ ತನ್ನದು ಎಂದರು, ಬರೆದೆ. ಪ್ಲಾಸ್ಟರ್ ಸುರಿದವರು ಯಾರು ಎಂಬ ಕಾಲಂ ಬಂತು. ಅಡುಗೆಮನೆಯ ಬೆನ್ನು ಅಲುಗಾಡಲಿಲ್ಲ. ಫೋನಿನಲ್ಲಿ ಅವರ ಉಸಿರು ಕೇಳುತ್ತಿತ್ತು, ನನ್ನ ಎರಡು ಕಿವಿಗೂ: ಒಂದಕ್ಕೆ ಫೋನಿಂದ, ಒಂದಕ್ಕೆ ಅಡುಗೆಮನೆಯಿಂದ.

"ಅಲ್ಲಿ ನೀವೇ ಬರ್ಕೊಳ್ಳಿ," ಅಂದರು. "ನಂಗೆ ಹೇಳೋಕೆ ಬಾಯಿ ಬರಲ್ಲ."

ನನ್ನ ಹೆಸರು ಬರೆದೆ. ಬರೆದು ಮುಗಿಸಿದ ಮೇಲೆ ಹೇಳಿದೆ, "ಅತ್ತೆ, ಇದು ಹೊರಗೆ ಹೋದ್ರೆ ನಿಮ್ಮ ಹಲ್ಲೂ ಹೋಗುತ್ತೆ. ಅದನ್ನೂ ಕೇಳ್ತಾರೆ."

ಹಲ್ಲಿನ ಮೇಲೆ ನಾಲಿಗೆ ಆಡಿಸಿದ ಸದ್ದು ಕೇಳಿಸಿತು.

"ಅದಕ್ಕೊಂದು ಕಾಲಂ ಇದೆಯಾ?" ಎಂದು ಕೇಳಿದರು.

"ಇಲ್ಲ."

"ಹಾಗಾದ್ರೆ ಬಿಡಿ," ಎಂದು ಫೋನಿಟ್ಟರು. ಆಮೇಲೆ ಅಲ್ಲಿಂದಲೇ ಕೂಗಿ ಕೇಳಿದರು, "ಅಳಿಯಂದ್ರೇ, ಟೀ ಕುಡೀತೀರಾ?"

ಸೋಮವಾರ ಪುಸ್ತಕವನ್ನು ಡಾಕ್ಟರಿಗೆ ತೋರಿಸಿದೆ. ಮೊದಲು ನಕ್ಕರು. ಆಮೇಲೆ ಎದ್ದು ಹೋಗಿ ಬಾಗಿಲು ಹಾಕಿದರು.

"ಮೇಸ್ತ್ರಿ, ತಿಂಗಳ ಕೊನೆಗೆ ಒಂದು ಸಹಿ, ಅಷ್ಟೇ ನಾನು ಕೇಳಿದ್ದು. ನಿಮ್ಮತ್ತೆಗೆ ವಯಸ್ಸಾಗಿದೆ. ಪುಸ್ತಕ ಕಳೆದು ಹೋಯ್ತು ಅನ್ನು."

"ಪುಸ್ತಕ ಕಳೆದ್ರೂ ಅವರು ಕಳೆಯಲ್ಲ ಸಾರ್. ಇಲಾಖೆ ನಂಬರಿಗೇ ಮಾಡ್ತಾರೆ."

"ಯೋಚನೆ ಮಾಡು. ಆ ಬಾಯಿಗಳ ಮೇಲೆ ನನ್ನ ಕೈಗುರುತಿಲ್ಲ. ಪ್ಲಾಸ್ಟರ್ ಕಲಸಿದ ಕೈ ಯಾರದು?"

"ನಂದೇ."

"ಮತ್ತೆ?"

ನಾನು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ. "ದೂರು ಕೊಟ್ಟವನನ್ನ ಕೆಲಸದಿಂದ ತೆಗೆಯೋ ಹಾಗಿಲ್ಲ ಅಂತ ನೀವೇ ಓದಿ ಹೇಳಿದ್ರಿ," ಅಂದೆ. "ಚೆನ್ನಾಗಿ ಓದಿದ್ರಿ ಸಾರ್."

ಅಲ್ಲಿಂದ ನೇರ ಇಲಾಖೆಗೆ ಹೋದೆ. ಕೊರಳಲ್ಲಿ ಬಿಲ್ಲೆ ಹಾಕಿಕೊಂಡೇ ಹೋದೆ. ಕಾವಲಿನವನು ನನ್ನನ್ನು ಯಾರೋ ದೊಡ್ಡವನೆಂದು ತಿಳಿದು ಎದ್ದು ನಿಂತ. ಒಳಗೆ ಹೇಳಬೇಕಾದ್ದನ್ನು ಹೇಳಿ, ನನ್ನ ಹೇಳಿಕೆಯ ಪ್ರತಿ ಪುಟಕ್ಕೂ ಸಹಿ ಹಾಕಿದೆ.

ಬುಧವಾರ ತನಿಖಾಧಿಕಾರಿ ಬಂದರು. ನಡುವಯಸ್ಸಿನ ಹೆಂಗಸು, ಗಟ್ಟಿ ಚಪ್ಪಲಿ. ಬಂದವರೇ ಹಿಂದಿನ ಕೋಣೆಯ ಕಪಾಟಿನ ಮುಂದೆ ನಿಂತು, ಮೊದಲ ಪ್ಲಾಸ್ಟರ್ ಬಾಯಿ ಎತ್ತಿ ಅಂಗುಳದ ಮೇಲೆ ಹೆಬ್ಬೆರಳು ಆಡಿಸಿದರು. ಎರಡನೆಯದು. ಮೂರನೆಯದು. ಒಂದು ಸಾಲು ಮುಗಿಯುವ ಹೊತ್ತಿಗೆ ಹೆಬ್ಬೆರಳು ಆ ಗಂಟನ್ನು ಹುಡುಕದೆಯೇ ಮುಟ್ಟುತ್ತಿತ್ತು.

"ಇವೆಲ್ಲ ಒಬ್ಬರದೇನಾ?"

"ಹೌದು ಮೇಡಂ. ನಮ್ಮತ್ತೆ."

"ದೊಡ್ಡ ಬಾಯಿ."

"ಹೌದು ಮೇಡಂ."

ಅವರು ನಗಲಿಲ್ಲ. ಒಂದೊಂದಕ್ಕೂ ಚೀಟಿ ಹಚ್ಚಿಸಿ ಪೆಟ್ಟಿಗೆಗೆ ತುಂಬಿಸಿದರು. ಮುಂದಿನ ಕೋಣೆಯಲ್ಲಿ ಡಾಕ್ಟರು ವಕೀಲರಿಗೆ ಫೋನು ಮಾಡುತ್ತಿದ್ದರು. ದನಿ ಈಗಲೂ ಚೆನ್ನಾಗಿಯೇ ಇತ್ತು. ಸಂಜೆ ನಾಲ್ಕಕ್ಕೆ ತನಿಖಾಧಿಕಾರಿ ಪಟ್ಟಿ ನೋಡಿ, "ಒಂದು ವಸ್ತು ಬಾಕಿ ಇದೆ," ಎಂದರು. ಸುಳ್ಳು ಕ್ಲೇಮನ್ನು ಮುಚ್ಚಲು ಆಮೇಲೆ ತಯಾರಿಸಿದ ಹಲ್ಲಿನ ಸೆಟ್ಟು, ಒಂದು.

ನಮ್ಮ ಮನೆಗೆ ಬಂದರು. ಅತ್ತೆ ಬಾಗಿಲು ತೆರೆದು, ಕುರ್ಚಿ ಒರೆಸಿ ಕೂರಿಸಿದರು. ನಾನು ವಿಷಯ ಹೇಳಲು ಬಾಯಿ ತೆರೆಯುವ ಮುಂಚೆಯೇ, "ಗೊತ್ತು ಬಿಡಿ," ಎಂದರು. ಆಮೇಲೆ ತನಿಖಾಧಿಕಾರಿಯ ಕಡೆ ತಿರುಗಿ ಕೇಳಿದರು, "ಐದು ನಿಮಿಷ ಕೊಡ್ತೀಯಾ ತಾಯಿ?"

ಒಳಗೆ ಹೋಗಿ ಹುರಿದ ಕಡಲೆಬೀಜದ ಡಬ್ಬಿ ತಂದರು. ಮೇಜಿನ ಮುಂದೆ ಕೂತು, ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು, ನಿಧಾನವಾಗಿ, ಕಣ್ಣು ಮುಚ್ಚಿ ಅಗಿದರು. ಇನ್ನೊಂದು ಮುಷ್ಟಿ. ತನಿಖಾಧಿಕಾರಿಯ ಕಡೆಗೂ ಡಬ್ಬಿ ಚಾಚಿದರು. ಆಕೆ ಕರ್ತವ್ಯದ ಮೇಲೆ ತಿನ್ನುವಂತಿಲ್ಲ ಎಂದರು. ಮೂರನೇ ಮುಷ್ಟಿ ಮುಗಿದ ಮೇಲೆ ಅತ್ತೆ ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿ, ಹಲ್ಲು ತೊಳೆದು, ಸೆರಗಿನಲ್ಲಿ ಒರೆಸಿ ಮೇಜಿನ ಮೇಲಿಟ್ಟರು. ಮುಖ ಸಣ್ಣದಾಯಿತು.

ತನಿಖಾಧಿಕಾರಿ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಸೀಲು ಮಾಡಿದರು. "ವಸ್ತುವಿನ ಸ್ಥಿತಿ ಬರೀಬೇಕು," ಎಂದು ಪೆನ್ನು ಹಿಡಿದು ನನ್ನನ್ನು ನೋಡಿದರು.

"ಚೆನ್ನಾಗಿ ಕೂರ್ತಿತ್ತು ಅಂತ ಬರಿಯಮ್ಮಾ," ಎಂದರು ಅತ್ತೆ, ತೊದಲುತ್ತ. "ಮಾಡಿದವನಿಗೆ ಕೆಲಸ ಗೊತ್ತಿತ್ತು."

ಡಾಕ್ಟರ ಮೇಲೆ ಕೇಸು ನಡೆಯುತ್ತಿದೆ, ಕ್ಲಿನಿಕ್ಕಿಗೆ ಬೀಗ ಬಿದ್ದಿದೆ. ನಾನಾಗಿ ಮುಂದೆ ಹೋಗಿ ಹೇಳಿದ್ದಕ್ಕೆ ಜೈಲು ತಪ್ಪಿತು. ಒಂದು ವರ್ಷ ಹಲ್ಲು ಮಾಡುವಂತಿಲ್ಲ ಎಂದು ಆದೇಶವಾಯಿತು. ಇನ್ನೂರ ಹನ್ನೊಂದು ಜನರ ಹೆಸರನ್ನು, ಜೊತೆಗೆ ಅತ್ತೆಯದನ್ನೂ, ಸ್ಕ್ರೀನಿನಿಂದ ಬಿಡಿಸಬೇಕಲ್ಲ, ಅದಕ್ಕೆ ಪ್ರತಿಯೊಬ್ಬರಿಗೂ ನಿಜಕ್ಕೂ ಹಲ್ಲಿಲ್ಲ ಎಂದು ಕಸಬು ಬಲ್ಲವರೊಬ್ಬರು ನೋಡಿ ಸಹಿ ಮಾಡಬೇಕಂತೆ. ಇಲಾಖೆಯಲ್ಲಿ ಅಂಥವರು ಇರಲಿಲ್ಲ. ಹಲ್ಲು ಮಾಡಬಾರದು ಎಂದಿತ್ತೇ ಹೊರತು ಬಾಯಿ ನೋಡಬಾರದು ಎಂದು ನನ್ನ ಆದೇಶದಲ್ಲಿ ಎಲ್ಲೂ ಇರಲಿಲ್ಲ. ದಂಡದ ಬದಲು ಇದು ಎಂದರು. ತನಿಖಾಧಿಕಾರಿ ಎದುರಿಗೇ ಕೂತಿರುತ್ತಾರೆ.

ಇಲಾಖೆಯ ದೊಡ್ಡ ಹಜಾರದಲ್ಲಿ ಒಂದು ಮೇಜು, ಒಂದು ಟಾರ್ಚು, ಫಾರಂಗಳ ಕಟ್ಟು. ಮೊದಲ ದಿನವೇ ಸಾಲು ಬಾಗಿಲು ದಾಟಿ ಮೆಟ್ಟಿಲಿಗಿಳಿದಿತ್ತು. ಬಸ್ ಡ್ರೈವರು ಎಲ್ಲರಿಗಿಂತ ಮೊದಲು ಬಂದಿದ್ದರು. ಅತ್ತೆ ಎಂಟನೆಯವರು; ಅವರ ಸರದಿ ಬಂದಾಗ ನಾನು ಟಾರ್ಚು ಬಿಟ್ಟು, ಬೇರೆಯವರಿಗೆ ನೋಡಿದ ಹಾಗೆಯೇ ನೋಡಿ, ಹಲ್ಲುಗಳು: ಇಲ್ಲ ಎಂದು ಬರೆದೆ. ಆಸ್ಪತ್ರೆಯಲ್ಲಿ ಅವರಿಗೆ ಎಂಟು ತಿಂಗಳ ಮುಂದಿನ ತಾರೀಖು ಸಿಕ್ಕಿದೆ.

ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬ ಗಟ್ಟಿಮುಟ್ಟು ಮುದುಕರು ಬಂದು ಕೂತರು. ಕಾರ್ಡು ಕೊಟ್ಟರು, ಹೆಸರು ಪಟ್ಟಿಯಲ್ಲಿತ್ತು. ಶಿಬಿರಕ್ಕೆ ಹೆಂಡತಿಯನ್ನು ಕರೆತಂದಿದ್ದರಂತೆ, ಜೊತೆಗೆ ಇವರ ಕಾರ್ಡೂ ಬರೆದುಕೊಂಡಿದ್ದಾರೆ. ಟಾರ್ಚು ಬಿಟ್ಟೆ. ಬಾಯಿ ತುಂಬ ಹಲ್ಲು. ಎಣಿಸಿದೆ: ಮೂವತ್ತೊಂದು.

"ನಿಮಗೆ ಹಲ್ಲಿದೆಯಲ್ಲ ಯಜಮಾನ್ರೇ."

"ಇದೆ. ಇಲ್ಲ ಅಂತ ಬರಿ."

"ಹೇಗೆ ಬರೀಲಿ?"

"ಪೆನ್ನಲ್ಲಿ." ಅವರು ಮುಂದೆ ಬಾಗಿ, ತನಿಖಾಧಿಕಾರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು. "ನೋಡಪ್ಪಾ, ಇಲ್ದೇ ಇರೋ ಹಲ್ಲನ್ನ ಇದೆ ಅಂತ ಬರೆದಿದ್ರಿ ತಾನೇ? ಈಗ ಇರೋದನ್ನ ಇಲ್ಲ ಅನ್ನೋಕೆ ಏನು ಕಷ್ಟ? ಹೇಗೂ ಐದು ವರ್ಷದಲ್ಲಿ ಬೀಳ್ತವೆ. ಈಗ್ಲೇ ಸೀಟು ಹಿಡಿದಿಡೋಣ ಅಂತ."

"ಬಿದ್ದ ಮೇಲೆ ಬನ್ನಿ."

"ಅಷ್ಟು ಹೊತ್ತಿಗೆ ಯೋಜನೆ ಇರುತ್ತೋ ಇಲ್ವೋ! ಒಂದು ಸಹಿ ತಾನೇ. ಯಾರಿಗೆ ನಷ್ಟ?"

ಅವರ ಮಾತಿನ ಧಾಟಿ ನನಗೆ ಚೆನ್ನಾಗಿ ಪರಿಚಯವಿತ್ತು. ಒಂದೂವರೆ ವರ್ಷ ನಾನು ಅದನ್ನೇ ನನಗೆ ಹೇಳಿಕೊಂಡಿದ್ದೆ. ಮುದುಕರ ಮುಖ ಒಳ್ಳೆಯ ಮುಖ. ತನಿಖಾಧಿಕಾರಿ ಊಟದ ಡಬ್ಬಿಯ ಮುಚ್ಚಳದ ಜೊತೆ ಗುದ್ದಾಡುತ್ತಿದ್ದರು, ಇತ್ತ ನೋಡುತ್ತಿರಲಿಲ್ಲ. ಫಾರಂ ಎಳೆದುಕೊಂಡು ಬರೆದೆ. ಹಲ್ಲುಗಳು: ಮೂವತ್ತೊಂದು. ಸ್ವಂತದವು. ಕೆಳಗೆ ಸಹಿ ಹಾಕಿದೆ.

ಮುದುಕರು ಫಾರಂ ತಿರುಗಿಸಿ ಓದಿದರು. "ನಿನ್ನಂಥೋರಿಂದಾನೇ ಜನಕ್ಕೆ ಒಂದು ಕೆಲಸ ಆಗಲ್ಲ ನೋಡು," ಎಂದು ಎದ್ದರು. ಹೋಗುವಾಗ ಕುರ್ಚಿಯನ್ನು ಜೋರಾಗಿ ಹಿಂದಕ್ಕೆ ತಳ್ಳಿದರು.

"ಮುಂದಿನವರು," ಎಂದು ಕೂಗಿದೆ.

ಮುಂದಿನವರು ಬಾಗಿಲಿನಿಂದಲೇ ಬಾಯಿ ತೆರೆದುಕೊಂಡು ಬಂದರು.